ಜಿಯೋಕ್ಯಾಶ್ ಡಬ್ಬಿಯಲ್ಲಿ ಬಿಡುವ ಕುರುಹು: ಕೊಡಗಿನ ಮಳೆಗೂ ಮರ್ಯಾದೆಗೂ ಒಪ್ಪುವುದು ಯಾವುದು?

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಪತ್ತೆಹಚ್ಚುವ ಜಿಯೋಕ್ಯಾಶಿಂಗ್ ಆಟದಲ್ಲಿ ಹತ್ತಿಪ್ಪತ್ತು ಡಬ್ಬಿಗಳನ್ನು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಬಂದವರಿಗೆ ಒಂದಲ್ಲ ಒಂದು ದಿನ ತಮ್ಮದೇ ಆದ ಪುಟ್ಟ ವಸ್ತುವೊಂದನ್ನು ಅಲ್ಲಿ ಬಿಟ್ಟುಬರಬೇಕೆಂಬ ಆಸೆ ಹುಟ್ಟುತ್ತದೆ. ಆಟದವರು ಅಂಥ ವಸ್ತುವನ್ನು ಸಿಗ್ನೇಚರ್ ಐಟಂ ಎನ್ನುತ್ತಾರೆ. ಈ ಬರಹದಲ್ಲಿ ಅದನ್ನು ಕುರುಹು ಎಂದು ಕರೆಯುತ್ತೇನೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆಯಿಂದ ಈಚೆಗೆ ಈ ಆಟಕ್ಕೆ ಬಂದ ಕೆಲವರು ನನ್ನಲ್ಲಿ ಕೇಳಿರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಮರದ ಬಿಲ್ಲೆ ಮಾಡಿಸಲೇ, ಕಾರ್ಡು ಅಚ್ಚು ಹಾಕಿಸಲೇ, ಹೊರದೇಶದಿಂದ ಜಿಯೋಕಾಯಿನ್ ಎಂಬ, ಸಂಖ್ಯೆ ಕೆತ್ತಿದ ಆಟದ ನಾಣ್ಯ ತರಿಸಲೇ, ಇಲ್ಲವೇ ನಮ್ಮ ತೋಟದ ನಾಲ್ಕು ಕಾಫಿ ಬೀಜಗಳನ್ನೇ ಇಡಲೇ?

ಈ ಪ್ರಶ್ನೆಗೆ ನಾನು ಹುಡುಕುವವನಾಗಿ ಮಾತ್ರವಲ್ಲ, ಡಬ್ಬಿಯೊಂದನ್ನು ನೋಡಿಕೊಳ್ಳುವವನಾಗಿಯೂ ಉತ್ತರಿಸಬೇಕಾಗಿದೆ. ನಾಪೋಕ್ಲು ಕಡೆಯ ನಮ್ಮ ತೋಟದ ಬೇಲಿಯಂಚಿನಲ್ಲಿ ಒಂದು ಲೀಟರಿಗೂ ಕಿರಿದಾದ, ಬಿಗಿಮುಚ್ಚಳದ ಡಬ್ಬಿಯೊಂದನ್ನು ಇಟ್ಟಿದ್ದೇನೆ. ಒಂದು ವರ್ಷ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಯಾರೋ ಮುಚ್ಚಳವನ್ನು ಪೂರ್ತಿ ಒತ್ತದೆ ಹೋಗಿದ್ದರು. ಮಳೆ ಬಿಟ್ಟ ಮೇಲೆ ತೆರೆದಾಗ, ಬಂದವರು ಪ್ರೀತಿಯಿಂದ ಬಿಟ್ಟುಹೋಗಿದ್ದ ಕಾರ್ಡುಗಳೆಲ್ಲ ಒಂದೇ ಮುದ್ದೆಯಾಗಿ, ಅದರ ಶಾಯಿ ದಾಖಲೆ ಪುಸ್ತಕಕ್ಕೂ ಹತ್ತಿ, ಎರಡು ವರ್ಷದ ಹೆಸರುಗಳು ಓದಲಾಗದಂತೆ ಅಳಿಸಿಹೋಗಿದ್ದವು. ತಪ್ಪು ಮುಚ್ಚಳದ್ದೇ ಹೊರತು ಕಾರ್ಡುಗಳದ್ದಲ್ಲ, ನಿಜ. ಆದರೆ ಅದೇ ಡಬ್ಬಿಯಲ್ಲಿದ್ದ ಹಿತ್ತಾಳೆಯ ಬಿಲ್ಲೆಯೊಂದನ್ನು ಬಟ್ಟೆಯಲ್ಲಿ ಒರೆಸಿದೆ, ಅದು ಮೊದಲಿನಂತೆಯೇ ಇತ್ತು. ಕುರುಹನ್ನು ಆರಿಸುವಾಗ ನಮಗೆ ಯಾವುದು ಚೆಂದ ಎಂಬುದಕ್ಕಿಂತ, ಮಳೆಗಾಲ ಕಳೆದ ಮೇಲೆ ಡಬ್ಬಿಯವನು ಅದನ್ನು ಕಂಡು ಸಂತೋಷಪಡುತ್ತಾನೋ ಬೇಸರಪಡುತ್ತಾನೋ ಎಂದು ಕೇಳಿಕೊಳ್ಳಬೇಕೆಂಬುದು ಅಂದಿನಿಂದ ನನ್ನ ಅಭಿಪ್ರಾಯ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಮೊದಲನೆಯದು ಗಾತ್ರ. ಈ ಆಟದ ಲೆಕ್ಕದಲ್ಲಿ 100 ಮಿಲಿಲೀಟರಿಗಿಂತ ಕಿರಿದಾದ ಡಬ್ಬಿ ಮೈಕ್ರೋ, 100 ಮಿಲಿಲೀಟರಿನಿಂದ ಒಂದು ಲೀಟರಿನವರೆಗಿನದು ಸ್ಮಾಲ್, ಒಂದರಿಂದ 20 ಲೀಟರಿನವರೆಗಿನದು ರೆಗ್ಯುಲರ್, ಅದಕ್ಕೂ ಮೇಲಿನದು ಲಾರ್ಜ್. ಮೈಕ್ರೋ ಡಬ್ಬಿಯಲ್ಲಿ, ಅಂದರೆ ಹಳೆಯ ಕ್ಯಾಮೆರಾ ರೀಲಿನ ಡಬ್ಬಿಯಂಥದರಲ್ಲಿ, ಸುರುಳಿ ಸುತ್ತಿದ ಕಾಗದವೊಂದನ್ನು ಬಿಟ್ಟರೆ ಬೇರೇನಕ್ಕೂ ಜಾಗವಿರುವುದಿಲ್ಲ. ಅಲ್ಲಿ ಕುರುಹು ತುರುಕಿದರೆ ಮುಂದೆ ಬಂದವರು ಕಾಗದವನ್ನು ಹೊರತೆಗೆಯುವಾಗ ಅದು ಹರಿಯುತ್ತದೆ. ಆದ್ದರಿಂದ ನೀವು ಯಾವ ಕುರುಹನ್ನೇ ಆರಿಸಿಕೊಂಡರೂ ಅದು ಎಲ್ಲ ಡಬ್ಬಿಗೂ ಸಲ್ಲುವುದಿಲ್ಲವೆಂದು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಎರಡನೆಯದು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಭಾಗಮಂಡಲ, ಗಾಳಿಬೀಡು, ಪುಷ್ಪಗಿರಿಯ ಸೀಮೆಯಲ್ಲಿ ಬೀಳುವ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ. ಕುಶಾಲನಗರದ ಬಳಿಯ ಡಬ್ಬಿಯಲ್ಲಿ ಮೂರು ವರ್ಷ ಬಾಳುವ ಕಾಗದ ಪಶ್ಚಿಮದ ಬೆಟ್ಟಗಳಲ್ಲಿ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯಬಹುದು. ಡಬ್ಬಿಯೊಳಗೆ ನೀರು ಸೋರದಿದ್ದರೂ, ಮಳೆಯ ದಿನ ಒಮ್ಮೆ ತೆರೆದಾಗ ನುಗ್ಗಿದ ಹಸಿಗಾಳಿಯೇ ಮುಂದೆ ವಾರಗಟ್ಟಲೆ ಒಳಗೆ ಉಳಿಯುತ್ತದೆ.

ಮೂರನೆಯದು ವಾಸನೆ ಮತ್ತು ಪ್ರಾಣಿ. ತಿನ್ನುವ ವಸ್ತುವಿನ ವಾಸನೆಯಿದ್ದರೆ ಇಲಿ, ಹೆಗ್ಗಣ, ಪುನುಗಿನ ಬೆಕ್ಕು, ಮಂಗ, ಕೊನೆಗೆ ಆನೆಯೂ ಡಬ್ಬಿಯ ಕಡೆ ತಿರುಗುವ ಊರು ನಮ್ಮದು. ನಾಲ್ಕನೆಯದು ಆ ವಸ್ತು ತೆಗೆದುಕೊಂಡವರಿಗೆ ಏನನ್ನು ಹೇಳುತ್ತದೆ ಎಂಬುದು: ಅದು ಯಾರದು, ಇಟ್ಟುಕೊಳ್ಳಬಹುದೇ ಅಥವಾ ಮುಂದೆ ಸಾಗಿಸಬೇಕೇ ಎಂದು ಅದನ್ನು ನೋಡಿದೊಡನೆ ತಿಳಿಯಬೇಕು; ನಿಮ್ಮ ಫೋನ್ ನಂಬರು, ಮನೆಯ ವಿಳಾಸ ಮಾತ್ರ ತಿಳಿಯಬಾರದು. ಕೊನೆಯದು ಖರ್ಚು. ಒಂದರ ಬೆಲೆಯನ್ನಲ್ಲ, ಐವತ್ತರ ಬೆಲೆಯನ್ನು ಲೆಕ್ಕ ಹಾಕಿರಿ, ಏಕೆಂದರೆ ಬಿಟ್ಟ ಕುರುಹು ಹಿಂದಿರುಗಿ ಬರುವುದಿಲ್ಲ, ಬರಬೇಕೆಂದು ಬಯಸುವುದೂ ಸರಿಯಲ್ಲ.

ಕಾರ್ಡು, ಸ್ಟಿಕ್ಕರು, ಮುದ್ರೆ

ಕಾಗದದ ಕುರುಹಿಗೆ ಈ ಆಟಕ್ಕಿಂತಲೂ ಹಳೆಯ ಇತಿಹಾಸವಿದೆ. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಕ್ರಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರಕರು ಒಂದು ಬಾಟಲಿಯನ್ನು ಇಟ್ಟರು. ಅಲ್ಲಿಯವರೆಗೆ ನಡೆದುಬಂದವರು ಅದರಲ್ಲಿ ತಮ್ಮ ಭೇಟಿಯ ಚೀಟಿಯನ್ನು ಹಾಕಿ ಹೋಗುತ್ತಿದ್ದರು. ಲೆಟರ್‌ಬಾಕ್ಸಿಂಗ್ ಎಂಬ ಹವ್ಯಾಸ ಬೆಳೆದದ್ದು ಅಲ್ಲಿಂದ, ಮತ್ತು ಆ ಹವ್ಯಾಸದಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ರಬ್ಬರ್ ಮುದ್ರೆ ಇರುತ್ತದೆ. ಉಪಗ್ರಹದ ನೆರವಿನ ನಮ್ಮ ಆಟ ಹುಟ್ಟಿದ್ದು 2000ದ ಮೇ ತಿಂಗಳಲ್ಲಿ, ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮರುದಿನ, ಒರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬವರು ಒಂದು ಬಕೆಟ್ಟನ್ನು ಬಚ್ಚಿಟ್ಟಾಗ.

ಮುದ್ರೆಯೆಂದರೆ ನನಗೆ ವಿಶೇಷ ಪ್ರೀತಿ. ಅದು ಡಬ್ಬಿಯಲ್ಲಿ ಶಾಯಿಯನ್ನು ಬಿಟ್ಟು ಬೇರೇನನ್ನೂ ಉಳಿಸುವುದಿಲ್ಲ, ಒಮ್ಮೆ ಮಾಡಿಸಿದರೆ ವರ್ಷಗಟ್ಟಲೆ ಬರುತ್ತದೆ, ಮಡಿಕೇರಿಯಲ್ಲೇ ಮಾಡಿಸಬಹುದು. ಕಚೇರಿಗಳಲ್ಲಿ ಬಳಸುವ ನೀರಿನಾಂಶದ ಶಾಯಿ ಮಾತ್ರ ಹಸಿ ಕಾಗದದಲ್ಲಿ ಹರಡಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ಬೇಗ ಒಣಗುವ ಪಿಗ್ಮೆಂಟ್ ಶಾಯಿಯನ್ನೇ ಕೇಳಿ ತನ್ನಿ. ಮುದ್ರೆಯ ಅಗಲ ಎರಡು ಸೆಂಟಿಮೀಟರನ್ನು ಮೀರಬಾರದು, ಒಂದು ಭೇಟಿಗೆ ಒಂದು ಸಲ ಮಾತ್ರ ಒತ್ತಬೇಕು. ಇಡೀ ಪುಟವನ್ನು ತುಂಬಿಕೊಂಡ ಮುದ್ರೆ ಪಕ್ಕದವರ ಜಾಗವನ್ನು ಕಬಳಿಸಿದಂತೆ.

ಸ್ಟಿಕ್ಕರಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮೈಕ್ರೋ ಡಬ್ಬಿಯ ಸುರುಳಿಗೆ ಅಂಟಿಸಿದರೆ ಸುರುಳಿ ದಪ್ಪವಾಗಿ ಡಬ್ಬಿಗೆ ಹಿಂದಿರುಗುವುದಿಲ್ಲ. ಡಬ್ಬಿಯ ಮೈಗೋ, ಪಕ್ಕದ ಕಲ್ಲಿಗೋ, ಸೇತುವೆಯ ಕಂಬಿಗೋ ಅಂಟಿಸುವುದು ಯಾವ ಕಾರಣಕ್ಕೂ ಸಲ್ಲದು.

ಕಾರ್ಡಿನ ಬಲ ಅದರ ಅಗ್ಗದ ಬೆಲೆ ಮತ್ತು ಅದರಲ್ಲಿ ನಾಲ್ಕು ಮಾತು ಬರೆಯಲು ಸಿಗುವ ಜಾಗ. ಕೊಡಗಿನಲ್ಲಿ ಕಾರ್ಡು ಬಿಡುವುದಾದರೆ ಲ್ಯಾಮಿನೇಷನ್ ಮಾಡಿಸಲೇಬೇಕು, ಅದನ್ನೂ ಸರಿಯಾದ ಕ್ರಮದಲ್ಲಿ ಮಾಡಿಸಬೇಕು. ಅಂಗಡಿಯವರು ಸಾಮಾನ್ಯವಾಗಿ ದೊಡ್ಡ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಆಮೇಲೆ ತುಂಡರಿಸುತ್ತಾರೆ. ಆಗ ಕಾಗದದ ಅಂಚು ತೆರೆದುಕೊಂಡು ನೀರು ಪಕ್ಕದಿಂದ ಏರುತ್ತದೆ. ಮೊದಲು ಕಾರ್ಡುಗಳನ್ನು ಕತ್ತರಿಸಿ, ನಡುವೆ ಅಂತರ ಬಿಟ್ಟು ಹಾಳೆಯೊಳಗೆ ಜೋಡಿಸಿ, ಬಿಸಿಯಲ್ಲಿ ಮುಚ್ಚಿದ ಮೇಲೆ ಸುತ್ತಲೂ ನಾಲ್ಕೈದು ಮಿಲಿಮೀಟರ್ ಬರಿಯ ಪ್ಲಾಸ್ಟಿಕ್ ಉಳಿಯುವಂತೆ ಕತ್ತರಿಸಿದರೆ ಕಾರ್ಡು ಎರಡು ಮಳೆಗಾಲ ತಾಳೀತು. ಆದರೂ ಅದು ಪ್ಲಾಸ್ಟಿಕ್ ಎಂಬುದನ್ನು ಮರೆಯಲಾಗದು. ಡಬ್ಬಿ ಕಳೆದುಹೋದರೆ, ಗುಡ್ಡ ಜರಿದು ಕೊಚ್ಚಿಹೋದರೆ, ಆ ಹತ್ತು ಕಾರ್ಡುಗಳು ಹೊಳೆಗೇ ಸೇರುತ್ತವೆ. 2018ರ ಆಗಸ್ಟಿನ ಭೂಕುಸಿತವನ್ನು ಕಂಡ ನಮಗೆ ಇದು ದೂರದ ಊಹೆಯಲ್ಲ.

ಹೋಂಸ್ಟೇ ನಡೆಸುವ ಗೆಳೆಯರಿಗೆ ಇಲ್ಲೊಂದು ವಿನಂತಿ. ನಿಮ್ಮ ಹೋಂಸ್ಟೇಯ ವಿಸಿಟಿಂಗ್ ಕಾರ್ಡು ಕುರುಹಲ್ಲ, ಜಾಹೀರಾತು. ಡಬ್ಬಿಯನ್ನು ವ್ಯಾಪಾರಕ್ಕೆ ಬಳಸಬಾರದೆಂಬುದು ಆಟದ ಮೂಲ ನಿಯಮಗಳಲ್ಲೊಂದು. ನಾನಂತೂ ಅಂಥ ಕಾರ್ಡು ಕಂಡರೆ ತೆಗೆದುಬಿಡುತ್ತೇನೆ.

ಮರದ ಬಿಲ್ಲೆ

ಹೊರದೇಶಗಳಲ್ಲಿ ಬಹಳ ಬಳಕೆಯಲ್ಲಿರುವ ಕುರುಹು ಇದು. ಅಲ್ಲಿ ವುಡನ್ ನಿಕ್ಕಲ್ ಎಂದು ಕರೆಯುವ ಬಿಲ್ಲೆಯ ವ್ಯಾಸ ಸಾಮಾನ್ಯವಾಗಿ ಒಂದೂವರೆ ಇಂಚು. ಅದನ್ನು ಅಲ್ಲಿಂದ ತರಿಸುವ ಅಗತ್ಯ ನಮಗಿಲ್ಲ, ಏಕೆಂದರೆ ಇದಕ್ಕೆ ಹೇಳಿ ಮಾಡಿಸಿದ ಮರ ನಮ್ಮ ತೋಟದಲ್ಲೇ ಇದೆ. ಹಳೆಯ ಕಾಫಿ ಗಿಡವನ್ನು ಕಿತ್ತು ಹೊಸ ಗಿಡ ನೆಡುವಾಗ ಸೌದೆಯ ರಾಶಿಗೆ ಹೋಗುವ ಕಾಂಡ ಗಟ್ಟಿಯಾದುದು, ನುಣುಪಾದುದು, ಬಣ್ಣದಲ್ಲಿ ಬೆಣ್ಣೆಯಂತೆ ತಿಳಿಯಾದುದು. ಮೂರು ಸೆಂಟಿಮೀಟರ್ ದಪ್ಪದ ಕಾಂಡವನ್ನು ಅಡ್ಡಲಾಗಿ, ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಕೊಯ್ದರೆ ಒಂದು ಕಾಂಡದಿಂದಲೇ ಹತ್ತಾರು ಬಿಲ್ಲೆ ಸಿಗುತ್ತವೆ. ಕಪಾತು ಮಾಡಿದ ಸಿಲ್ವರ್ ಓಕ್ ಕೊಂಬೆಯೂ ಆಗುತ್ತದೆ, ಆದರೆ ಅದು ಹಗುರ, ಬೇಗ ನೀರು ಕುಡಿಯುತ್ತದೆ.

ಅವಸರ ಮಾಡಬಾರದ ಕೆಲಸ ಒಂದಿದೆ, ಒಣಗಿಸುವುದು. ಹಸಿ ಕಾಂಡವನ್ನು ಕೊಯ್ದು ಬಿಸಿಲಿಗಿಟ್ಟರೆ ಬಿಲ್ಲೆ ನಡುವಿನಿಂದ ಅಂಚಿನವರೆಗೆ ಸೀಳುತ್ತದೆ. ಕಾಂಡವನ್ನು ಮೊದಲು ನೆರಳಿನಲ್ಲಿ ಕೆಲವು ತಿಂಗಳು ಇಟ್ಟು, ಕೊಯ್ದ ಮೇಲೆ ಬಿಲ್ಲೆಗಳನ್ನೂ ನೆರಳಿನಲ್ಲೇ ಆರಿಸಿ, ಮರಳು ಕಾಗದದಲ್ಲಿ ಉಜ್ಜಿ, ಕಾದ ಕಬ್ಬಿಣದ ಮೊನೆಯಿಂದ ಹೆಸರನ್ನೋ ಚಿತ್ರವನ್ನೋ ಸುಟ್ಟು ಬರೆದು, ಎರಡು ಸಲ ವಾರ್ನಿಶ್ ಹಚ್ಚಿರಿ. ಸುಟ್ಟ ಬರಹ ಮಳೆಗೆ ಅಳಿಯುವುದಿಲ್ಲ. ಪೆನ್ನಿನ ಬರಹ ವಾರ್ನಿಶಿನ ಅಡಿಯಲ್ಲೇ ಹರಡುತ್ತದೆ. ಖರ್ಚೆಂದರೆ ವಾರ್ನಿಶಿನದು ಮತ್ತು ನಿಮ್ಮ ಕೆಲವು ಸಂಜೆಗಳದು.

ಕಾಂಡವನ್ನು ಆರಿಸುವಾಗ ಮಾತ್ರ ಬೆಳೆಗಾರನ ಎಚ್ಚರ ಬೇಕು. ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕದ ಕಾಟವಿರುವುದು, ಕೊರಕ ಹೊಕ್ಕ ಗಿಡವನ್ನು ಕಿತ್ತು ಸುಡುವುದು ತೋಟದವರಿಗೆಲ್ಲ ಗೊತ್ತು. ಅಂಥ ಗಿಡದ ಕಾಂಡ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬಿಲ್ಲೆಗೆ ಬಳಸಕೂಡದು, ಏಕೆಂದರೆ ಒಳಗಿರುವ ಹುಳುವನ್ನು ನಾವೇ ಇನ್ನೊಬ್ಬರ ತೋಟದ ಬೇಲಿಗೆ ಒಯ್ದಂತಾಗುತ್ತದೆ. ಈ ಕಾರಣಕ್ಕೆ ನಾನು ರೋಬಸ್ಟಾ ಕಾಂಡವನ್ನೇ ಬಳಸುತ್ತೇನೆ. ಬೀಟೆ, ಶ್ರೀಗಂಧಗಳ ಯೋಚನೆಯನ್ನೇ ಬಿಡಿ. ಅವುಗಳ ಕಡಿತಕ್ಕೂ ಸಾಗಣೆಗೂ ಅರಣ್ಯ ಇಲಾಖೆಯ ನಿಯಮಗಳಿವೆ. ಬೀಟೆಯ ಕುಲವಾದ ಡಾಲ್‌ಬರ್ಜಿಯಾ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲೂ ಇದೆ. ಹೊರದೇಶದ ಪ್ರವಾಸಿಯೊಬ್ಬರು ನಿಮ್ಮ ಬಿಲ್ಲೆಯನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡು ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳಬೇಕಾಗುವುದು ಆತಿಥ್ಯವಲ್ಲ. ಕಾಫಿ ಕಾಂಡದ ಬಿಲ್ಲೆಗೂ ಈ ಮಿತಿ ತಕ್ಕಮಟ್ಟಿಗೆ ಇದೆ. ಆಸ್ಟ್ರೇಲಿಯಾದಂಥ ದೇಶಗಳು ಸಸ್ಯಮೂಲದ ವಸ್ತುಗಳ ವಿಷಯದಲ್ಲಿ ಬಹಳ ಬಿಗಿ, ಆದ್ದರಿಂದ ತೊಗಟೆಯನ್ನು ಪೂರ್ತಿ ತೆಗೆಯುವುದು ಕಡ್ಡಾಯವೆಂದುಕೊಳ್ಳಿ.

ಲೋಹದ ಬಿಲ್ಲೆ ಮತ್ತು ಜಾಡು ಹಿಡಿಯಬಹುದಾದ ನಾಣ್ಯ

ಲೋಹದ ಕುರುಹುಗಳಲ್ಲಿ ಎರಡು ಜಾತಿಗಳಿವೆ. ಅವುಗಳನ್ನು ಒಂದೇ ಎಂದುಕೊಳ್ಳುವುದರಿಂದ ಹೆಚ್ಚಿನ ಮನಸ್ತಾಪಗಳು ಹುಟ್ಟುತ್ತವೆ. ಒಂದು, ಸಿಕ್ಕವರು ಇಟ್ಟುಕೊಳ್ಳಬಹುದಾದ ಬಿಲ್ಲೆ. ಪಾತ್‌ಟ್ಯಾಗ್ ಎಂಬ ಸುಮಾರು ಎರಡೂಕಾಲು ಸೆಂಟಿಮೀಟರಿನ, ತೂತಿರುವ ಬಣ್ಣದ ಬಿಲ್ಲೆಗಳು ಈ ಜಾತಿಯವು, ನಾವೇ ಕೆತ್ತಿಸುವ ಹಿತ್ತಾಳೆ ಬಿಲ್ಲೆಯೂ ಇದೇ ಜಾತಿಯದು. ಇನ್ನೊಂದು, ಟ್ರ್ಯಾವೆಲ್ ಬಗ್ ಮತ್ತು ಜಿಯೋಕಾಯಿನ್. ಇವುಗಳ ಮೇಲೆ ಒಂದು ಸಂಕೇತ ಸಂಖ್ಯೆಯಿರುತ್ತದೆ. ಡಬ್ಬಿಯಿಂದ ಡಬ್ಬಿಗೆ ಸಾಗುವಾಗ, ಸಿಕ್ಕವರು ಆ ಸಂಖ್ಯೆಯನ್ನು ಆಟದ ಜಾಲತಾಣದಲ್ಲಿ ನಮೂದಿಸಿದರೆ ಅದರ ದಾರಿ ದಾಖಲಾಗುತ್ತದೆ. ಇವನ್ನು ತೆಗೆದವರು ಮುಂದಿನ ಡಬ್ಬಿಗೆ ಮುಟ್ಟಿಸಬೇಕೇ ಹೊರತು ಮನೆಯ ಷೋಕೇಸಿನಲ್ಲಿ ಇಡುವಂತಿಲ್ಲ, ಬದಲಿಗೆ ಏನನ್ನೂ ಇಡಬೇಕಾಗಿಯೂ ಇಲ್ಲ. "ಒಂದು ಟ್ರ್ಯಾವೆಲ್ ಬಗ್ ತೆಗೆದರೆ ಇನ್ನೊಂದನ್ನು ಇಡಲೇಬೇಕು" ಎಂದು ಕೆಲವರು ಡಬ್ಬಿಯಲ್ಲಿ ಚೀಟಿ ಬರೆದಿಡುವುದುಂಟು. ಅದು ಆಟದ ನಿಯಮವಲ್ಲ. ಸಾಗಬೇಕಾದ ವಸ್ತುವನ್ನು ಕಟ್ಟಿಹಾಕಿದಂತೆ.

ಹಾಗಾದರೆ ಜಿಯೋಕಾಯಿನ್ ಕುರುಹಾಗಬಲ್ಲದೇ? ಆಗಬಲ್ಲದು, ಆದರೆ ಪ್ರತಿ ಡಬ್ಬಿಗೆ ಬಿಡುವ ಕುರುಹಾಗಿ ಅಲ್ಲ. ಒಂದರ ಬೆಲೆಯೇ ಸಾಮಾನ್ಯವಾಗಿ ಹತ್ತು ಡಾಲರಿನ ಆಸುಪಾಸಿನಿಂದ ಶುರುವಾಗುತ್ತದೆ, ಅದರ ಮೇಲೆ ಅಂಚೆ ಮತ್ತು ಸುಂಕ. ಅದಕ್ಕಿಂತ ಮುಖ್ಯವಾದ ಮಾತು ಕೊಡಗಿನ ಸ್ಥಿತಿ. ನಮ್ಮಲ್ಲಿ ಡಬ್ಬಿ ತೆರೆಯುವವರು ಹೆಚ್ಚಾಗಿ ರಜೆಯಲ್ಲಿ ಬಂದು ಹೋಗುವವರು. ಒಮ್ಮೆ ಇಟ್ಟ ನಾಣ್ಯ ತಿಂಗಳುಗಟ್ಟಲೆ ಅಲ್ಲೇ ಕೂರಬಹುದು, ಅಥವಾ ಆಟ ತಿಳಿಯದ ಕೈಗೆ ಸಿಕ್ಕಿ ಕಾಣೆಯಾಗಬಹುದು. ಹೊಳೆಯುವ ನಾಣ್ಯವನ್ನು ಕಂಡ ಮಗು ಅದನ್ನು ಜೇಬಿಗೆ ಹಾಕಿಕೊಂಡರೆ ನಾನು ಮಗುವನ್ನು ದೂರಲಾರೆ. ಅನುಭವಿಗಳು ಇದಕ್ಕೆ ಕಂಡುಕೊಂಡ ದಾರಿಯೆಂದರೆ ಅಸಲು ನಾಣ್ಯವನ್ನು ಮನೆಯಲ್ಲೇ ಇಟ್ಟುಕೊಂಡು, ಅದೇ ಸಂಖ್ಯೆಯನ್ನು ಬರೆದ ನಕಲು ಬಿಲ್ಲೆಯನ್ನು ಸಂಚಾರಕ್ಕೆ ಬಿಡುವುದು. ಹಣ ಕೊಟ್ಟು ತರಿಸಿದ ನಾಣ್ಯದ ಮೇಲೆ ನಿಮಗೆ ಮಮತೆಯಿದ್ದರೆ ಹೀಗೆ ಮಾಡಿ. ಅದರ ಗುಪ್ತ ಸಂಖ್ಯೆ ಕಾಣುವ ಫೋಟೋವನ್ನು ಎಲ್ಲಿಯೂ ಹಂಚಿಕೊಳ್ಳಬೇಡಿ; ಆ ಸಂಖ್ಯೆ ಗೊತ್ತಿದ್ದವರು ನಾಣ್ಯವನ್ನು ಕಾಣದೆಯೇ ಕಂಡೆವೆಂದು ದಾಖಲಿಸಬಹುದು.

ಹಿತ್ತಾಳೆ ಬಿಲ್ಲೆಯ ಪರ ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿದ್ದೇನೆ. ಅದು ಮಂಕಾಗುತ್ತದೆ, ಆದರೆ ತುಕ್ಕು ಹಿಡಿಯುವುದಿಲ್ಲ. ಕಬ್ಬಿಣದ ಬಿಲ್ಲೆಯಾದರೆ ಒಂದು ಮಳೆಗಾಲದಲ್ಲೇ ತುಕ್ಕು ಬಿಟ್ಟು ಪುಸ್ತಕಕ್ಕೆ ಕಲೆ ಮಾಡುತ್ತದೆ. ಕೈಯಲ್ಲಿ ಕೆತ್ತಿಸಿದರೆ ಒಂದೊಂದಕ್ಕೂ ಕೂಲಿ ಬೀಳುವುದರಿಂದ ಇದು ಮರದ ಬಿಲ್ಲೆಗಿಂತ ದುಬಾರಿ, ಜಿಯೋಕಾಯಿನ್‌ಗಿಂತ ಅಗ್ಗ. ಖರ್ಚು ಉಳಿಸಲೆಂದು ಚಲಾವಣೆಯಲ್ಲಿರುವ ರೂಪಾಯಿ ನಾಣ್ಯವನ್ನು ಉಜ್ಜಿ ಅದರ ಮೇಲೆ ಹೆಸರು ಕೊರೆಯುವ ಯೋಚನೆ ಕೆಲವರಿಗೆ ಬಂದಿದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯವನ್ನು ಹಾಳುಗೆಡಹುವುದು ಅಪರಾಧ.

ಕಾಫಿ ಬೀಜ, ಗುಲಗಂಜಿ, ಮಣ್ಣಿನ ಗೊಂಬೆ

ಕೊಡಗಿನವರೆಂದ ಮೇಲೆ ಕಾಫಿ ಬೀಜವೇ ನಮ್ಮ ಕುರುಹಾಗಲಿ ಎಂದು ಬಯಸುವುದು ಸಹಜ. ನನಗೂ ಮೊದಲು ಅದೇ ಯೋಚನೆ ಬಂದಿತ್ತು. ಆದರೆ ಡಬ್ಬಿಯಲ್ಲಿ ಆಹಾರ ಪದಾರ್ಥ ಇಡಬಾರದೆಂಬುದು ಇಂದು ಎಲ್ಲೆಡೆ ಒಪ್ಪಿದ ನಿಯಮ. ಅಲ್ಮರ್ ಅವರ ಆ ಮೊದಲ ಬಕೆಟ್ಟಿನಲ್ಲಿ ಬೀನ್ಸ್ ತುಂಬಿದ ತಗಡಿನ ಡಬ್ಬಿಯೂ ಇತ್ತೆಂಬುದು ನಿಜ. ನಿಯಮಗಳು ಬಂದದ್ದು ಆಮೇಲೆ. ಹುರಿದ ಬೀಜದ ಪರಿಮಳ ಪ್ರಾಣಿಯನ್ನು ಕರೆಯುತ್ತದೆ, ಹುರಿಯದ ಬೀಜ ಹಸಿಗಾಳಿಯಲ್ಲಿ ಬೂಷ್ಟು ಹಿಡಿಯುತ್ತದೆ, ಒಣಗಿದ ಕಾಯಿಯಲ್ಲಿ ಕಾಯಿಕೊರಕ ಇರಬಹುದು. 1990ರಲ್ಲಿ ನೀಲಗಿರಿಯ ಗೂಡಲೂರಿನ ಕಡೆ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಆ ಕೀಟ ಕೊಡಗಿನ ತೋಟಗಳನ್ನೂ ಮುಟ್ಟಿದ ಕಥೆ ಇಲ್ಲಿನ ಹಿರಿಯ ಬೆಳೆಗಾರರಿಗೆ ನೆನಪಿದೆ. ಏಲಕ್ಕಿ, ಕರಿಮೆಣಸು, ಜೇನಿಗೂ ಇದೇ ಮಾತು. ಕಾಫಿಯನ್ನೇ ಕುರುಹಾಗಿಸಬೇಕೆಂದಿದ್ದರೆ ಕಾಂಡದ ಬಿಲ್ಲೆಯ ಮೇಲೆ ಬೀಜದ ಚಿತ್ರವನ್ನು ಸುಟ್ಟು ಬರೆಯಿರಿ. ಬೀಜ ಹೇಳುವುದನ್ನು ಚಿತ್ರವೂ ಹೇಳುತ್ತದೆ.

ಕೆಂಪು ಕಪ್ಪು ಗುಲಗಂಜಿ ನೋಡಲು ಬಹಳ ಚೆಂದ, ಪುಕ್ಕಟೆಯಾಗಿ ಸಿಗುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಆದರೆ ಅದರೊಳಗೆ ಏಬ್ರಿನ್ ಎಂಬ ತೀವ್ರ ವಿಷವಿದೆ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಡಬ್ಬಿ ತೆರೆಯುವವರಲ್ಲಿ ಅರ್ಧ ಜನ ಮಕ್ಕಳೆಂದೇ ಭಾವಿಸಿ ನಡೆಯಬೇಕಾದ ಆಟವಿದು. ಹಾಗೆಯೇ ಚಿಕ್ಕ ಪೀಚೆ ಕತ್ತಿಯ ಆಕಾರದ, ಅಲಗಿರುವ ವಸ್ತುಗಳನ್ನೂ ಬಿಡಬಾರದು. ಆಯುಧಕ್ಕೆ ಡಬ್ಬಿಯಲ್ಲಿ ಜಾಗವಿಲ್ಲ. ಆನೆಯ ಬಾಲದ ಕೂದಲಿನ ಉಂಗುರ, ಮುಳ್ಳುಹಂದಿಯ ಮುಳ್ಳು ಮುಂತಾದವು ವನ್ಯಜೀವಿ ಕಾಯ್ದೆಯ ವಿಷಯಗಳಾದ್ದರಿಂದ ಅವುಗಳ ಚರ್ಚೆಯೂ ಬೇಡ.

ಮಣ್ಣಿನ ಗೊಂಬೆಗಳ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಸುಟ್ಟ ಮಣ್ಣಿನ ಪುಟ್ಟ ಪ್ರಾಣಿ ಮಳೆಗೆ ಹೆದರುವುದಿಲ್ಲ, ಪ್ಲಾಸ್ಟಿಕ್ಕೂ ಅಲ್ಲ, ನಮ್ಮ ಅಳತೆಗೋಲಿನಿಂದ ಅಳೆದರೆ ಉತ್ತಮವೆಂದೇ ತೋರುತ್ತದೆ. ಆದರೆ ಕೊಡಗಿನಲ್ಲಿ ಅಯ್ಯಪ್ಪನ ದೇವರಕಾಡುಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಪದ್ಧತಿ ಹಿಂದಿನಿಂದ ಬಂದಿದೆ. ನಿಮ್ಮ ಗೊಂಬೆ ಡಬ್ಬಿಯಿಂದ ಹೊರಬಿದ್ದು ದಾರಿಯಲ್ಲಿ ಸಿಕ್ಕರೆ ಅದನ್ನು ಹರಕೆಯೆಂದು ತಿಳಿದವರು ಮುಟ್ಟಲು ಅಂಜುತ್ತಾರೆ. ಹರಕೆಯನ್ನು ಕುರುಹೆಂದು ತಿಳಿದ ಹೊರಗಿನವರು ದೇವರಕಾಡಿನಿಂದ ನಿಜವಾದ ನಾಯಿಯನ್ನೇ ಎತ್ತಿಕೊಂಡು ಹೋಗುವ ಅಪಾಯವೂ ಇದೆ. ಬೇರೆ ಜಿಲ್ಲೆಯಲ್ಲಿ ಮಣ್ಣಿನ ಕುರುಹು ಸರಿ, ಇಲ್ಲಿ ಬೇಡವೆಂಬುದು ನನ್ನ ನಿಲುವು. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ; ಅವುಗಳ ಒಳಗೆ ಡಬ್ಬಿಯನ್ನಾಗಲಿ ಕುರುಹನ್ನಾಗಲಿ ಇಡಲೇಬಾರದು. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿಯ ರಕ್ಷಿತಾರಣ್ಯಗಳಲ್ಲಿ ಏನನ್ನೂ ಬಿಟ್ಟುಬರುವಂತಿಲ್ಲ, ಅದು ಎಷ್ಟು ಚಿಕ್ಕದಾದರೂ. ತಲಕಾವೇರಿಯಂಥ ತೀರ್ಥಕ್ಷೇತ್ರದ ಆಸುಪಾಸಿನಲ್ಲಿ ನಾಣ್ಯದ ಆಕಾರದ ಬಿಲ್ಲೆ ಕಾಣಿಕೆಯಂತೆ ಕಾಣುತ್ತದೆಂಬುದನ್ನೂ ನೆನಪಿಡಿ.

ಯಾರಿಗೆ ಯಾವುದು

ಮಕ್ಕಳೊಂದಿಗೆ ವಾರಾಂತ್ಯದಲ್ಲಿ ಹುಡುಕಲು ಹೊರಡುವವರು ಬಣ್ಣದ ಗಾಜಿನ ಗೋಲಿಗಳಿಂದ ಆರಂಭಿಸಬಹುದು. ಅಗ್ಗ, ನೀರಿಗೆ ಜಗ್ಗುವುದಿಲ್ಲ, ತೊಳೆದರೆ ಹೊಸತು. ಅದರ ಮೇಲೆ ಹೆಸರು ಬರೆಯಲಾಗದೆಂಬುದೇ ಕೊರತೆ, ಆದರೆ ಯಾವಾಗಲೂ ಒಂದೇ ಬಣ್ಣದ್ದನ್ನು ಬಿಟ್ಟರೆ "ಹಸಿರು ಗೋಲಿಯವರು" ಎಂದು ಜನ ಗುರುತಿಸುತ್ತಾರೆ. ತೀರ ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳಬಹುದಾದ್ದರಿಂದ ದೊಡ್ಡ ಗೋಲಿಯನ್ನೇ ಆರಿಸಿ.

ತಿಂಗಳಿಗೆ ಒಂದೆರಡು ಡಬ್ಬಿ ಹುಡುಕುವ, ತೋಟವಿರುವ, ಕೈಕೆಲಸದಲ್ಲಿ ಆಸಕ್ತಿಯಿರುವವರಿಗೆ ಕಾಫಿ ಕಾಂಡದ ಬಿಲ್ಲೆಗಿಂತ ಒಳ್ಳೆಯ ಆಯ್ಕೆ ನನಗೆ ಕಾಣದು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ವರ್ಷಕ್ಕೆ ನೂರಾರು ಡಬ್ಬಿ ಹುಡುಕುವವರಿಗೆ ಬಿಲ್ಲೆ ಮಾಡುವಷ್ಟು ಬಿಡುವಿರುವುದಿಲ್ಲ, ಅವರು ಹುಡುಕುವ ಡಬ್ಬಿಗಳಲ್ಲಿ ಮೈಕ್ರೋಗಳೇ ಹೆಚ್ಚು. ಅಂಥವರು ಒಂದು ಚಿಕ್ಕ ಮುದ್ರೆ ಮಾಡಿಸಿಕೊಂಡು, ಊರಿಗೆ ಬಂದಾಗ ದೊಡ್ಡ ಡಬ್ಬಿಗಳಿಗೆಂದು ಹತ್ತಿಪ್ಪತ್ತು ಹಿತ್ತಾಳೆ ಬಿಲ್ಲೆ ಇಟ್ಟುಕೊಂಡರೆ ಸಾಕು. ಹೊರದೇಶದ ಪ್ರಯಾಣವಿರುವವರಿಗೆ ಪಾತ್‌ಟ್ಯಾಗ್ ಅಥವಾ ಹಿತ್ತಾಳೆಯೇ ಸರಿ, ಮರ ಬೇಡ. ತಮ್ಮ ವಸ್ತು ಊರೂರು ಸುತ್ತುವುದನ್ನು ಕಾಣುವ ಹಂಬಲವಿರುವವರು ಮಾತ್ರ ಟ್ರ್ಯಾವೆಲ್ ಬಗ್ಗಿಗೆ ಹಣ ಹಾಕಲಿ. ಅದನ್ನು ಕೊಡಗಿನ ಬೆಟ್ಟದ ಡಬ್ಬಿಗಿಂತ ಜನ ಹೆಚ್ಚು ಬಂದುಹೋಗುವ ಊರಿನ ದೊಡ್ಡ ಡಬ್ಬಿಯಲ್ಲಿ ಬಿಟ್ಟರೆ ಬೇಗ ಸಾಗುತ್ತದೆ.

ಆಯ್ಕೆ ಯಾವುದೇ ಆಗಿರಲಿ, ಒಂದು ಡಬ್ಬಿಗೆ ಒಂದೇ ಕುರುಹು. ಮನೆಯ ನಾಲ್ವರೂ ಬಂದಿದ್ದರೂ ಒಂದೇ. ಹೊಸಬರು ತಪ್ಪುವ ಜಾಗ ಇನ್ನೊಂದಿದೆ. ಡಬ್ಬಿಯಿಂದ ಏನನ್ನಾದರೂ ತೆಗೆದರೆ ಸಮನಾದದ್ದನ್ನೋ ಹೆಚ್ಚಿನದನ್ನೋ ಇಡಬೇಕೆಂಬುದು ಆಟದ ವಾಡಿಕೆ. ನಿಮ್ಮ ಹೆಸರಿರುವ ಬಿಲ್ಲೆ ನಿಮಗೆ ಅಮೂಲ್ಯವಿರಬಹುದು. ಆದರೆ ಆಟಿಕೆ ಕಾರನ್ನು ತೆಗೆದು ಅದರ ಬದಲಿಗೆ ಬಿಲ್ಲೆಯನ್ನು ಇಟ್ಟರೆ, ಮುಂದೆ ಬರುವ ಮಗುವಿಗೆ ಅದು ಸಮನಾಗುವುದಿಲ್ಲ. ಕಾರಿಗೆ ಬದಲು ಇನ್ನೊಂದು ಆಟಿಕೆ ಇಡಿ, ಕುರುಹನ್ನು ಅದರ ಜೊತೆಗೆ ಕಾಣಿಕೆಯಾಗಿ ಬಿಡಿ. ಮತ್ತೊಬ್ಬರ ಕುರುಹು ಸಿಕ್ಕಿದರೆ ಒಂದನ್ನು ಸಂತೋಷದಿಂದ ತೆಗೆದುಕೊಳ್ಳಿ, ಇರುವುದೆಲ್ಲವನ್ನೂ ಬಾಚಬೇಡಿ, ಮತ್ತು ಅದು ನಿಮಗೆ ಸಿಕ್ಕಿತೆಂದು ದಾಖಲೆಯಲ್ಲಿ ಒಂದು ಸಾಲು ಬರೆಯಿರಿ. ಬಿಟ್ಟವರಿಗೆ ಅದು ತಲುಪಿತೆಂದು ತಿಳಿಯಲು ಬೇರೆ ದಾರಿಯಿಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು. ನಾನು ಮೇ ಕೊನೆಯ ವಾರದಲ್ಲಿ ನಮ್ಮ ಡಬ್ಬಿಯಲ್ಲಿರುವ ಕುರುಹುಗಳನ್ನೆಲ್ಲ ಮನೆಗೆ ತಂದು, ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಡಬ್ಬಿಯಲ್ಲಿ ಉಳಿಯುವುದು ಎರಡು ಪದರದ ಚೀಲದೊಳಗಿನ ಪುಸ್ತಕ ಮತ್ತು ಪೆನ್ಸಿಲ್ ಮಾತ್ರ. ಅಕ್ಟೋಬರಿನಲ್ಲಿ ಕಾವೇರಿ ಸಂಕ್ರಮಣ ಮುಗಿದ ಮೇಲೆ ಅವೆಲ್ಲ ಮತ್ತೆ ಡಬ್ಬಿಗೆ ಹಿಂದಿರುಗುತ್ತವೆ. ಆ ನಾಲ್ಕೈದು ತಿಂಗಳಲ್ಲಿ ಬರುವವರು ಪೆನ್ಸಿಲಿನಲ್ಲಿ ಹೆಸರು ಬರೆದು, ಮುಚ್ಚಳದ ನಾಲ್ಕೂ ಬದಿ ಟಕ್ಕೆಂದು ಕೂರುವವರೆಗೆ ಒತ್ತಿ, ಕುರುಹನ್ನು ಬೇಸಿಗೆಯ ಭೇಟಿಗೆಂದು ಜೇಬಿನಲ್ಲೇ ಉಳಿಸಿಕೊಂಡು ಹೋಗಲಿ.